ಅಲೆ ಎದ್ದ ಹೊದಿಕೆ

ನದಿಯ ಈಚೆ ದಡದ ಆ ಆಶ್ರಮದಲ್ಲಿ ಗಂಟೆಯಿರಲಿಲ್ಲ, ಗ್ರಂಥವಿರಲಿಲ್ಲ. ಇದ್ದದ್ದು ಒಬ್ಬ ಅವ್ವ, ಬುಟ್ಟಿ ತುಂಬ ಉಲ್ಲನ್ ನೂಲು, ತುದಿಯಲ್ಲಿ ಕೊಕ್ಕೆಯಿರುವ ನಾಲ್ಕಾರು ಕ್ರೋಶಾ ಕಡ್ಡಿ. ಶಿಷ್ಯರಾಗಿ ಬಂದವರು ಮೊದಲು ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಒಂದು ಚೌಕದ ಹೊದಿಕೆ ಹೆಣೆಯಬೇಕು, ಅದನ್ನು ಯಾರಿಗಾದರೂ ಕೊಟ್ಟು ಬರಬೇಕು. ಉಪದೇಶ ಏನಿದ್ದರೂ ಆಮೇಲೆ.

ನರಹರಿ ತನ್ನದನ್ನು ಅಕ್ಕನಿಗೆಂದು ಹೆಣೆಯುತ್ತಿದ್ದ.

ಅಕ್ಕ ಆಚೆ ದಡದ ಊರಿನವಳು. ತಾಯಿಯಿಲ್ಲದ ಇವನನ್ನು ಎತ್ತಿ ಬೆಳೆಸಿದವಳು. ಭಾವ ತೀರಿಕೊಂಡಾಗ ಇವನು ಹೋಗಲಿಲ್ಲ. ತಿಂಗಳು ಕಳೆದ ಮೇಲೆ ಹೋದ. ಹೋದವನು ಹೊಸ್ತಿಲಲ್ಲೇ ನಿಂತು ಬಾರದೆ ಇದ್ದುದಕ್ಕೆ ಕಾರಣ ಹೇಳತೊಡಗಿದ. ಏಳನೆಯದೋ ಎಂಟನೆಯದೋ ಕಾರಣಕ್ಕೆ ಅಕ್ಕ ಬಾಗಿಲು ಮುಚ್ಚಿದಳು. ಅದಾಗಿ ಮೂರು ವರ್ಷ.

"ನಿಮ್ಮಕ್ಕನಿಗೆ ಚಳಿಜ್ವರ ಬಂದು ಹೋಯ್ತಂತೆ, ಸ್ವಾಮೀ," ಎಂದು ದೋಣಿಯ ಮುದಿಯಪ್ಪ ಸುದ್ದಿ ತಂದಿದ್ದ. "ಸೋಮವಾರ ದೋಣಿ ಆಚೆಗೆ ಹೋಗುತ್ತೆ. ಬರ್ತೀರೇನು?"

ಬರುತ್ತೇನೆ ಅಂದ. ಹೊದಿಕೆಯೂ ಮುಗಿಯಿತು. ನೆಲಕ್ಕೆ ಹಾಸಿದರೆ ನಡುಭಾಗ ನೆಟ್ಟಗೆ ಕೂತಿತು. ಅಂಚು ಮಾತ್ರ ಕೂರಲೊಲ್ಲದು. ನಾಲ್ಕೂ ಕಡೆ ಅಲೆ ಅಲೆಯಾಗಿ ಎದ್ದು ನಿಂತಿತು.

ಮುದಿಯಪ್ಪ ಇಣುಕಿ ನೋಡಿದ. "ಇದೇನು ಸ್ವಾಮೀ, ಹೊದಿಕೆಯೋ, ಎಣ್ಣೆಗೆ ಬಿಟ್ಟ ಹಪ್ಪಳವೋ?"

ನರಹರಿ ಹೊದಿಕೆಯನ್ನು ನೀರಲ್ಲಿ ನೆನೆಸಿ, ಹೊಳೆಯ ಮೆಟ್ಟಿಲ ಮೇಲೆ ಹಾಸಿ, ಅಂಚಿನುದ್ದಕ್ಕೂ ಕಲ್ಲು ಹೇರಿದ. ಎರಡು ದಿನ ಒಣಗಿಸಿದ. ಕಲ್ಲು ತೆಗೆದ. ಅಲೆ ಎದ್ದಿತು.

ಅಂಚಿಗೆ ಭಾರ ಸಾಲದೇನೋ ಎಂದು ಇನ್ನೊಂದು ಸುತ್ತು ಹೆಣೆದ. ಅಲೆ ಇನ್ನಷ್ಟು ಎದ್ದಿತು.

ಕೊನೆಗೆ ಅವ್ವನ ಮುಂದೆ ತಂದು ಹಾಸಿದ. "ಅವ್ವಾ, ಅಂಚು ಕೆಟ್ಟಿದೆ. ಏನು ಮಾಡಲಿ?"

ಅವ್ವ ಅಂಚನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ, ಮಲಗಿದ ಬೆಕ್ಕನ್ನು ಸವರುವ ಹಾಗೆ, ನಡುವಿನಿಂದ ಹೊರಕ್ಕೆ ಅಂಗೈ ಸರಿಸುತ್ತ ಹೋದಳು. ಕೈ ನೀಲಿ ಸುತ್ತುಗಳನ್ನು ದಾಟಿತು. ಅರಿಶಿನ ಬಣ್ಣ ಶುರುವಾಗುವಲ್ಲಿ ಕೈ ನಿಂತಿತು.

"ಇಲ್ಲಿ."

"ಅಲ್ಲಿ ಚೆನ್ನಾಗೇ ಇದೆಯಲ್ಲ ಅವ್ವಾ! ಕೆಟ್ಟಿರುವುದು ಅಂಚು."

"ಅಂಚಿಗೆ ಬಂದಾಗ ನಿನಗೆ ಕಂಡಿತು, ಅಷ್ಟೆ. ಎಣಿಸು."

ಎಣಿಸಿದ. ಮೂಲೆಗಳಲ್ಲಿ ಮಾತ್ರ ಕುಣಿಕೆ ಹೆಚ್ಚಿಸಬೇಕು. ಬದಿಗಳಲ್ಲಿ ಹಿಂದಿನ ಸುತ್ತಿನ ಒಂದು ಕಣ್ಣಿಗೆ ಒಂದೇ ಕುಣಿಕೆ. ಒಂಬತ್ತನೆಯ ಸುತ್ತಿನವರೆಗೆ ಹಾಗೇ ಇತ್ತು. ಹತ್ತನೆಯದರಿಂದ ಮುಂದೆ, ಪ್ರತಿ ಬದಿಯಲ್ಲೂ, ಅಲ್ಲೊಂದು ಇಲ್ಲೊಂದು ಕಣ್ಣಿಗೆ ಎರಡೆರಡು.

"ಯಾಕಪ್ಪಾ?"

"ಅಕ್ಕನಿಗೆ ಸಾಲದೆ ಹೋದರೆ ಅಂತ ಇನ್ನೊಂದು ಹಾಕಿದೆ." ನರಹರಿಯ ದನಿ ಇಳಿಯಿತು. "ಪ್ರತಿ ಸುತ್ತಿನಲ್ಲೂ ಹಾಗೇ ಅನ್ನಿಸಿತು ಅವ್ವಾ."

"ಬಿಚ್ಚು."

"ನಾಳೆಯೇ ಸೋಮವಾರ!"

"ಸೋಮವಾರ ಮತ್ತೆ ಬರುತ್ತದೆ."

ಮೆಟ್ಟಿಲ ಮೇಲೆ ಕೂತು ನೂಲೆಳೆದ. ಸುತ್ತಿನ ಮೇಲೆ ಸುತ್ತು ಸದ್ದಿಲ್ಲದೆ ಕರಗುತ್ತ ಬಂತು. ಎದುರಿಗೆ ಹೊಳೆ ಕೂಡ ತನ್ನ ಅಲೆಗಳನ್ನು ಒಂದೊಂದಾಗಿ ಬಿಚ್ಚಿ ಸಾಗಿಸುತ್ತಿರುವಂತೆ ಕಂಡಿತು. ಬಿಚ್ಚಿದ ನೂಲು ನೆಟ್ಟಗಾಗದೆ ಸುರುಳಿ ಸುರುಳಿಯಾಗಿ ಮಡಿಲಲ್ಲಿ ಬಿತ್ತು. ಎಣ್ಣೆಸ್ನಾನದ ದಿನ ಜಡೆ ಬಿಚ್ಚಿದರೆ ಅಕ್ಕನ ಕೂದಲು ಹೀಗೇ ಇರುತ್ತಿತ್ತು. ಅದರೊಳಗೆ ಮುಖ ಹುದುಗಿಸಿ ಅವನು ಎಷ್ಟೋ ಸಲ ನಿದ್ದೆ ಹೋಗಿದ್ದ. ಈಗಲೂ ಹೋದನೋ ಏನೋ; ಎಚ್ಚೆತ್ತಾಗ ಬಿಸಿಲು ಬೇರೆ ಮೆಟ್ಟಿಲಿಗೆ ಸರಿದಿತ್ತು, ಕೈಯಲ್ಲಿ ಒಂಬತ್ತು ಸುತ್ತು ಉಳಿದಿತ್ತು.

ಮತ್ತೆ ಹೆಣೆದ. ನಾಲ್ಕು ಸೋಮವಾರ ದೋಣಿ ಅವನಿಲ್ಲದೆ ಹೋಯಿತು.

ಐದನೆಯ ಸೋಮವಾರಕ್ಕೆ ಮುಗಿಯಿತು. ಹಾಸಿದರೆ ನಿಂತ ನೀರು. ಸುತ್ತು ಮೊದಲಿನಷ್ಟೇ, ಅಗಲ ಮೊದಲಿನಷ್ಟೇ. ಆದರೂ ತೆಂಗಿನಕಾಯಿ ಗಾತ್ರದ ನೂಲಿನುಂಡೆ ಮಿಕ್ಕಿತ್ತು.

"ಇಷ್ಟೊಂದು ಮಿಕ್ಕಿತಲ್ಲ ಅವ್ವಾ! ಏನು ಮಾಡಲಿ?"

ಅವ್ವ ಅದನ್ನು ತಲೆಯಡಿಗೆ ಇಟ್ಟು ನೋಡಿದಳು. "ಒಳ್ಳೇ ದಿಂಬು."

ಹೊಳೆಯ ಮೇಲೆ ಮಂಜು. ಆಚೆ ದಡ ಇದೆಯೋ ಇಲ್ಲವೋ ತಿಳಿಯದು. ಹೊದಿಕೆಯನ್ನು ಎದೆಗೆ ಅವಚಿಕೊಂಡು ದೋಣಿಯಲ್ಲಿ ಕೂತ ನರಹರಿ, ಬೀಳ್ಕೊಡಲು ಬಂದ ಅವ್ವನತ್ತ ತಿರುಗಿದ.

"ಬಾಗಿಲು ತೆಗೆದರೆ ಏನು ಹೇಳಬೇಕೆಂದು ಯೋಚಿಸಿದ್ದೇನೆ ಅವ್ವಾ, ಕೇಳಿ. ಅಕ್ಕಾ, ಅವತ್ತು ನಾನು ಬರಬಾರದು ಅಂತಲ್ಲ, ಹೊಳೆ ತುಂಬಿತ್ತು, ಅದೂ ಅಲ್ಲದೆ ನನಗೂ ಮೈ ನೆಟ್ಟಗಿರಲಿಲ್ಲ, ಸುದ್ದಿ ತಂದವನೂ ಸರಿಯಾಗಿ ಹೇಳಲಿಲ್ಲ, ಆಮೇಲೆ ನೀನಾದರೂ ಒಂದು ಮಾತು..."

"ಸ್ವಾಮೀ," ಎಂದ ಮುದಿಯಪ್ಪ, "ಅಷ್ಟು ಭಾರ ನನ್ನ ದೋಣಿ ತಡೆಯಲ್ಲ."

ಅವ್ವ ನೀರಿಗಿಳಿದು ಬಂದು, ಕಣ್ಣು ಮುಚ್ಚಿ, ಅವನ ತಲೆಯ ಮೇಲಿಂದ ಬೆನ್ನಿನವರೆಗೆ ಮೆಲ್ಲಗೆ ಅಂಗೈ ಸವರಿದಳು. ಕೈ ನಿಂತಿತು.

"ಅಕ್ಕಾ ಅನ್ನುವವರೆಗೆ ಚೆನ್ನಾಗಿ ಕೂತಿದೆ, ನರಹರಿ. ಅಲ್ಲಿಯತನಕ ಬಿಚ್ಚಿಕೊಂಡು ಹೋಗು."