ಗೌಡರು ತೋರಿಸಿಕೊಟ್ಟದ್ದು

ಗದಗಿನ ಟಂಟಂ ಆಟೋ ಚಾಲಕ ಫಕೀರಪ್ಪ ಕೈ ತೋರಿಸದೆ ಗಾಡಿ ತಿರುಗಿಸಿದ. ಜೋರಾಗಿ ಬಂದ ಗುತ್ತಿಗೆದಾರ ಬಸನಗೌಡರ ಕಾರು ಬಡಿಯಿತು. ಜಗಳದಲ್ಲಿ ಗೌಡರು ಗಟಾರಕ್ಕೆ ಬಿದ್ದರು. ಠಾಣೆಯಲ್ಲಿ ಅವರದು ಒಂದೇ ಪಟ್ಟು: “ನಾ ಸುಮ್ಮನ ನಿಂತಿದ್ದೆ, ಇವನೇ ದಬ್ಬಿದ. ಒಳಗ ಹಾಕ್ರಿ.”

ಫಕೀರಪ್ಪ ಮೆತ್ತಗೆ, “ದಬ್ಬಿದ್ದು ಖರೇ ಸಾಹೇಬ್ರ. ಹೆಂಗ ದಬ್ಬಿದೆ ಅಂತ ಗೌಡ್ರು ಒಮ್ಮೆ ತೋರಿಸಲಿ,” ಎಂದ.

ಪಿಎಸ್‌ಐಗೂ ಕುತೂಹಲ. “ತೋರಸ್ರಿ,” ಎಂದರು.

ಗೌಡರು ಎದ್ದು ಬಂದು ಫಕೀರಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದರು. “ನಾ ಹಿಂಗ ಹಿಡಕೊಂಡು ನಿಂತಿದ್ದೆ. ಹೊಡೀಬೇಕು ಅನ್ನೂದರಾಗ ದಬ್ಬಿಬಿಟ್ಟ.”

ಪಿಎಸ್‌ಐ ನಕ್ಕರು. “ಗಾಡಿ ಬಡಿದ ತಪ್ಪು ಇಬ್ಬರದೂ ಐತಿ. ಅಂವ ದಬ್ಬಿದ್ದು ತನ್ನ ಉಳಿಸಿಕೊಳ್ಳಾಕ. ಕೊರಳಪಟ್ಟಿ ಹಿಡಿದ ಕೇಸಿಗೆ ಮಾತ್ರ ನಾನೇ ಸಾಕ್ಷಿ.”

ಗೌಡರು ಮೆಲ್ಲಗೆ ಕೈಬಿಟ್ಟು, ಆ ಪಟ್ಟಿಯ ಸುಕ್ಕನ್ನು ತಾವೇ ಸರಿಮಾಡಿದರು.