ಎಣ್ಣೆ ಕಾಣದ ಚೈನು

“ಗುರುಗಳೇ, ಇಷ್ಟು ವರ್ಷ ನಿಮ್ಮ ಬೆನ್ನ ಹಿಂದೆ ನಡೆದೆ. ಒಮ್ಮೆಯಾದರೂ ನೀವು ತಿರುಗಿ ನನ್ನನ್ನು ನೋಡಿದ್ದುಂಟೇ?”

ದಾರಿಯ ಬದಿಯ ಬಂಡೆಯೊಂದರ ಮೇಲೆ ಕೂತು ಶಿಷ್ಯ ಹೀಗೆ ಕೇಳಿದ. ಗುರು ಊರಿಂದ ಊರಿಗೆ ನಡೆಯುವವರು. ಶಿಷ್ಯನ ಹೆಸರು ಸಂಗಯ್ಯ. ನೀರಿನ ತಂಬಿಗೆ ಹೊರುವುದು ಅವನ ಕೆಲಸ. ಆ ತಂಬಿಗೆಯ ಮುಚ್ಚಳ ಸಡಿಲ. ನಡೆದಷ್ಟೂ ಹೊತ್ತು ಟಣಟಣ ಎನ್ನುತ್ತಿತ್ತು. ಬಿಗಿ ಮಾಡಿಸಿಕೊಂಡು ಬರುತ್ತೇನೆ ಎಂದು ಸಂಗಯ್ಯ ಹಲವು ಸಲ ಕೇಳಿದ್ದ. ಇರಲಿ ಬಿಡು ಎಂದು ಗುರು ಸುಮ್ಮನಾಗಿಸಿದ್ದರು. ಇವತ್ತು ಅವನ ಮನಸ್ಸು ಕೆಟ್ಟಿತ್ತು. ಹೇಳದೆ ಕೇಳದೆ ಬಂಡೆಯ ಮೇಲೆ ಕೂತುಬಿಟ್ಟಿದ್ದ. ಮುಂದೆ ಹೋಗುತ್ತಿದ್ದ ಗುರು ಸ್ವಲ್ಪ ದೂರದಲ್ಲಿ ನಿಂತರು. ಹಿಂದಕ್ಕೆ ನಡೆದು ಬಂದು ಅವನ ಪಕ್ಕದಲ್ಲಿ ಕೂತರು. ಆಗ ಅವನು ಕೇಳಿದ್ದೇ ಆ ಮಾತು.

“ಅಪ್ಪಣೆ ಕೊಡಿ. ನಾನು ಊರಿಗೆ ಮರಳುತ್ತೇನೆ,” ಎಂದ ಸಂಗಯ್ಯ. “ನಾನು ಹಿಂದೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿಮಗೆ ನನ್ನ ಮೇಲೆ ಮಮತೆ ಇಲ್ಲ.”

“ಅಪ್ಪಣೆ ತಾನೆ, ಕೊಡೋಣ,” ಎಂದರು ಗುರು. “ನನಗೂ ಕಾಲು ನೋಯುತ್ತಿದೆ. ಒಂದು ಕತೆ ಹೇಳುವಷ್ಟು ಹೊತ್ತು ಕೂರೋಣ. ಆಮೇಲೆ ನಿನ್ನ ದಾರಿ ನಿನಗೆ.”

ಹೀಗೆಂದು ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಅವನು ತುಳಿದದ್ದನ್ನೆಲ್ಲ ದಾರಿಯ ಮೇಲೆ ತುಳಿದಿದ್ದರೆ ಕಾಶಿಗೆ ಹೋಗಿ ಬರಬಹುದಿತ್ತು. ಆದರೆ ಕೂತ ಜಾಗ ಬಿಟ್ಟು ಒಂದು ಮಾರು ಸರಿದವನಲ್ಲ. ಅವನ ಹೆಂಡತಿ ಅಂಚೆ ಹಂಚುವವಳು. ಬಿಸಿಲಿರಲಿ ಗಾಳಿಯಿರಲಿ, ಸೈಕಲ್ ಮೇಲೆ ಸುತ್ತಲ ಹಳ್ಳಿಗಳಿಗೆಲ್ಲ ಹೋಗಿ ಬರುತ್ತಿದ್ದಳು. ಯಾವ ತಿಂಗಳಲ್ಲಿ ಗಾಳಿ ಎತ್ತಲಿಂದ ಬೀಸುತ್ತದೆ ಎಂಬುದು ಅವಳ ಕಾಲಿಗೆ ಗೊತ್ತಿತ್ತು.

ಅವಳಿಗೊಂದು ಆಸೆ ಇತ್ತು. ಹಿಮಾಲಯದ ಆಚೆ ಮಳೆ ಬೀಳದ ನಾಡೊಂದಿದೆ. ಅಲ್ಲಿ ಬೆಟ್ಟವೂ ಬೋಳು, ಬಯಲೂ ಬೋಳು. ಆ ಮರಳುಗಾಡಿನ ಕೊನೆಯಲ್ಲಿ ಒಂದು ನೀಲಿ ಸರೋವರ. ಚಿಕ್ಕಂದಿನಲ್ಲಿ ಶಾಲೆಯ ಗೋಡೆಯ ಮೇಲಿನ ಚಿತ್ರದಲ್ಲಿ ಅದನ್ನು ನೋಡಿದ್ದಳು. ಸೈಕಲ್ ತುಳಿದುಕೊಂಡೇ ಹೋಗಿ ಅದನ್ನು ಕಣ್ಣಾರೆ ನೋಡಬೇಕು ಎಂದು ಹಂಬಲಿಸುತ್ತಿದ್ದಳು.

ದರ್ಜಿಗೆ ಸರೋವರದ ಹಂಬಲ ಇರಲಿಲ್ಲ. ಅವನಿಗಿದ್ದದ್ದು ಹೆಂಡತಿಯ ಹಂಬಲ. ಒಂದೇ ಮನೆಯಲ್ಲಿದ್ದೂ ಅವಳು ಅವನಿಗೆ ಸಿಕ್ಕುತ್ತಿದ್ದದ್ದು ಕಡಿಮೆ. ಅವಳು ಹಗಲೆಲ್ಲ ದಾರಿಯಲ್ಲಿ, ಇವನು ಹಗಲೆಲ್ಲ ಬಟ್ಟೆಯ ಮೇಲೆ ತಲೆ ಬಗ್ಗಿಸಿ. ಹೊರಟರೆ ದಾರಿಯುದ್ದಕ್ಕೂ ಅವಳ ಪಕ್ಕದಲ್ಲಿರಬಹುದಲ್ಲ ಎಂದು ಲೆಕ್ಕ ಹಾಕಿದ. ಅಂಗಡಿಗೆ ಬೀಗ ಜಡಿದ. ಯಂತ್ರಕ್ಕೆ ಬಿಡುವ ಎಣ್ಣೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ದರ್ಜಿ ಹಿಮಾಲಯಕ್ಕೆ ಹೋದರೂ ದರ್ಜಿಯೇ. ಇಬ್ಬರೂ ಹೊರಟರು.

ಬೆಟ್ಟಗಳನ್ನು ದಾಟಿ ಆ ಬೋಳು ನಾಡಿಗೆ ಇಳಿದ ಮೇಲೆ ಹೆಂಡತಿ ಮುಂದೆ ಬಂದಳು. “ನನ್ನ ಗಾಲಿ ಹಿಂದನ ಬರ್ರಿ. ಒಂದು ಗೇಣು ಅಂತರ ಸಾಕು. ಆಕಡೆ ಈಕಡೆ ಸರೀಬ್ಯಾಡ್ರಿ,” ಎಂದಳು. ಅಷ್ಟೇ. ಅವಳು ಮಾತಿನಲ್ಲಿ ಜಿಪುಣಿ. ದರ್ಜಿ ಅವಳ ಹಿಂದಿನ ಗಾಲಿಯನ್ನೇ ನೋಡುತ್ತ ತುಳಿದ. ದಿನಗಳು ಕಳೆದವು. ದಾರಿ ಸವೆಯಿತು. ಕಣಿವೆಗಳು ಬಂದವು, ಹೋದವು. ಅವನಿಗೆ ಕಂಡದ್ದು ಒಂದು ಗಾಲಿ, ಒಂದು ಬೆನ್ನು. ಪ್ರತಿ ಏರಿನ ತುದಿಯನ್ನೂ ಅವಳೇ ಮೊದಲು ಮುಟ್ಟುತ್ತಿದ್ದಳು. ಒಮ್ಮೆಯೂ ಹಿಂದೆ ತಿರುಗುತ್ತಿರಲಿಲ್ಲ. ಪಕ್ಕದಲ್ಲಿರಲು ಬಂದವನಿಗೆ ಬೆನ್ನು ಮಾತ್ರ ದಕ್ಕಿತು.

ಅವನ ಚೈನಿಗೆ ಮರಳು ಸೇರಿತು. ತುಳಿದಾಗಲೆಲ್ಲ ಕೀಚ್ ಕೀಚ್ ಎಂದು ಕೂಗತೊಡಗಿತು. ಯಂತ್ರ ಕೂಗಿದರೆ ದರ್ಜಿಗೆ ಜೀವ ನಿಲ್ಲುವುದಿಲ್ಲ. ಒಂದು ಸಂಜೆ ಜೇಬಿನಿಂದ ಎಣ್ಣೆಯ ಡಬ್ಬಿ ತೆಗೆದ. ಹೆಂಡತಿ ಅದನ್ನು ಇಸಿದುಕೊಂಡು ತನ್ನ ಚೈನಿಗೆ ನಾಲ್ಕು ಹನಿ ಬಿಟ್ಟಳು. “ನಿಮ್ದಕ್ಕ ಬ್ಯಾಡ್ರಿ. ಎಣ್ಣಿ ಸ್ವಲ್ಪನ ಐತಿ,” ಎಂದು ಮುಚ್ಚಳ ಹಾಕಿ ಕೊಟ್ಟಳು. ಎಣ್ಣೆ ಅವನದು, ಡಬ್ಬಿ ಅವನದು. ಅವನ ಸೈಕಲ್‌ಗೆ ಮಾತ್ರ ಹನಿ ಇಲ್ಲ. ದರ್ಜಿ ಅದನ್ನು ನುಂಗಿಕೊಂಡ. ಆದರೆ ಅದು ಗಂಟಲಲ್ಲೇ ನಿಂತಿತು.

ಸರೋವರಕ್ಕೆ ಇನ್ನು ಅರ್ಧ ದಿನದ ದಾರಿ ಇದ್ದಾಗ ಒಂದು ಗುಡಾರ ಸಿಕ್ಕಿತು. ಅಲ್ಲೊಬ್ಬ ಮುದುಕಿ ದಾರಿಹೋಕರಿಗೆ ಚಹಾ ಕಾಸಿ ಕೊಡುತ್ತಿದ್ದಳು. ಅವಳು ಇಬ್ಬರ ಮುಖವನ್ನೂ ನೋಡಿ, ನೀವಿಬ್ಬರೂ ಬಂದದ್ದು ಒಂದೇ ದಾರಿಯಲ್ಲೇನು ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದಳು. ಹೆಂಡತಿಯ ಮುಖ ಸೀದ ರೊಟ್ಟಿಯ ಹಾಗಿತ್ತು. ತುಟಿ ಒಡೆದು ರಕ್ತ ಒಣಗಿತ್ತು. ದರ್ಜಿಯ ಮುಖ ಅಂಗಡಿಯಲ್ಲಿ ಹೇಗಿತ್ತೋ ಹಾಗೆಯೇ ಇತ್ತು. ಮುದುಕಿ ಯಾಕೆ ಕೇಳಿದಳೆಂದು ದರ್ಜಿ ಯೋಚಿಸಲಿಲ್ಲ. ಅವನ ತಲೆಯಲ್ಲಿ ಎಣ್ಣೆಯ ಡಬ್ಬಿ ಇತ್ತು.

ಆ ಸಂಜೆ ಅವನು ತಡೆಯಲಾರದೆ ಕೇಳಿದ. “ಬೆಟ್ಟ ಇಳಿದಾಗಿಂದ ನಿನ್ನ ಬೆನ್ನು ಬಿಟ್ರ ಬ್ಯಾರೆ ಏನೂ ನೋಡಿಲ್ಲ ನಾ. ಒಮ್ಮೆನಾದ್ರೂ ಹೊಳ್ಳಿ ನೋಡೀಯೇನು? ನಾ ಏನು ನಿನ್ನ ಗಂಟುಮೂಟಿಯೇನು?”

“ಗಂಟುಮೂಟಿ ಆಗಿದ್ರ ಇಷ್ಟು ಮಾತಾಡ್ತಿರ್ಲಿಲ್ಲ ಬಿಡ್ರಿ,” ಎಂದು ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲದೆ, ಆಕಡೆ ಮಗ್ಗುಲಾಗಿ ಮಲಗಿದಳು. ದರ್ಜಿಗೆ ಅಲ್ಲಿಯೂ ಕಂಡದ್ದು ಬೆನ್ನೇ.

ಬೆಳಗ್ಗೆ ಅವಳು ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ಸಿಟ್ಟು ಮಾಡಿಕೊಂಡಿದ್ದಾಳೆ ಎಂದು ದರ್ಜಿ ತಿಳಿದ. ಸಿಟ್ಟು ಅವನಿಗೂ ಬರುತ್ತದೆ. ಹೊರಗೆ ಬಂದು ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ತನ್ನ ಚೈನಿಗೆ ಸುರಿದ. ಪೆಡಲ್ ತಿರುಗಿಸಿ ನೋಡಿದ. ಒಂದು ಚೂರೂ ಸದ್ದಿಲ್ಲ. ಹೇಳದೆ ಕೇಳದೆ ಹೊರಟುಬಿಟ್ಟ. ಒಮ್ಮೆ, ಒಂದೇ ಒಂದು ಸಲ, ನಾನು ಮೊದಲು ನೋಡುತ್ತೇನೆ ಎಂದುಕೊಂಡ.

ಆ ಗುಡಾರದ ಬಳಿ ದಾರಿ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಎದುರಿಗಿದ್ದ ಗಾಳಿ ಅಲ್ಲಿಂದ ಬೆನ್ನಿಗೆ ಬರುತ್ತದೆ. ಬೆನ್ನಿಗೆ ಬೀಸುವ ಗಾಳಿ ಇದೆ ನೋಡು, ಅದು ಇರುವುದೇ ಗೊತ್ತಾಗುವುದಿಲ್ಲ. ತುಳಿಯುವವನಿಗೆ ತನ್ನ ಕಾಲೇ ಗಟ್ಟಿ ಅನ್ನಿಸುತ್ತದೆ. ದರ್ಜಿಯ ಸೈಕಲ್ ಹಾರಿತು. ನನ್ನಲ್ಲಿ ಇಷ್ಟು ಬಲ ಇತ್ತೇ ಎಂದು ಅವನಿಗೇ ಬೆರಗು. ಇಷ್ಟು ದಿನ ಇವಳ ನಡಿಗೆಗೆ ಕಟ್ಟುಬಿದ್ದು ನಾನು ಹಿಂದುಳಿದೆ ಎಂದುಕೊಂಡ. ಹಾಡು ಗುನುಗಿದ. ಕೊನೆಯ ಏರನ್ನೂ ಹತ್ತಿದ.

ಏರಿನ ತುದಿಯಿಂದ ಸರೋವರ ಕಂಡಿತು. ನೀಲಿ ಅಂದರೆ ನೀಲಿ.

“ಅಲ್ನೋಡಲ್ಲಿ!” ಎಂದು ಅವನು ಕೂಗಿದ.

ಮುಂದೆ ಬೆನ್ನಿರಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಅಷ್ಟು ದೊಡ್ಡ ನಾಡಿನಲ್ಲಿ ಅವನ ಮಾತು ಕೇಳುವವರು ಇರಲಿಲ್ಲ. ದಿನಗಟ್ಟಲೆ ನೋಡಿ ನೋಡಿ ಬೇಸತ್ತಿದ್ದ ಆ ಬೆನ್ನು ಈಗ ಒಂದು ಗಳಿಗೆ ಎದುರಿಗಿದ್ದರೆ ಸಾಕು ಅನ್ನಿಸಿತು. ಅವಳಿಲ್ಲದೆ ನೋಡಿದರೆ ಅದು ಬರೀ ನೀರು. ಅವನು ಅಲ್ಲಿ ಕೂರಲೂ ಇಲ್ಲ. ಅವಳನ್ನು ಕರೆತರುತ್ತೇನೆ ಎಂದು ಸೈಕಲ್ ತಿರುಗಿಸಿದ.

ತಿರುಗಿಸಿದ ಕೂಡಲೇ ಎದೆಗೆ ಕೈಯಿಟ್ಟು ಯಾರೋ ಹಿಂದಕ್ಕೆ ನೂಕಿದ ಹಾಗಾಯಿತು. ಗಾಳಿ. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಬಯಲಿಗೆ ಬಂದ ಮೇಲೆ ತುಳಿದರೂ ಸೈಕಲ್ ಸಾಗಲಿಲ್ಲ. ಮರಳು ಕಣ್ಣಿಗೆ ಬಂತು, ಹಲ್ಲಿಗೆ ಬಂತು. ತುಟಿ ಒಡೆಯಿತು. ಇಳಿದು ತಳ್ಳಿದ, ಮತ್ತೆ ಹತ್ತಿದ, ಮತ್ತೆ ಇಳಿದ. ತಲೆ ಬಗ್ಗಿಸಿ, ಎಂದಿನಂತೆ, ಮುಂದಿನ ಗಾಲಿಯನ್ನು ಕಣ್ಣು ಹುಡುಕಿತು. ಗಾಲಿ ಇರಲಿಲ್ಲ. ಆಗ ದರ್ಜಿಗೆ ತಿಳಿಯಿತು. ಈ ಗಾಳಿ ಇವತ್ತು ಹುಟ್ಟಿದ್ದಲ್ಲ. ಬೆಟ್ಟ ಇಳಿದ ದಿನದಿಂದ ಇದು ಇಲ್ಲೇ ಇತ್ತು. ಅವನಿಗೆ ತಾಗಿರಲಿಲ್ಲ, ಅಷ್ಟೇ. ತಾಗದಂತೆ ಒಂದು ಬೆನ್ನು ಅದನ್ನು ತಡೆದಿತ್ತು. ಹೇಳಿದ್ದರೆ ಅವನು ಬಿಡುತ್ತಿರಲಿಲ್ಲ, ನಾನು ಮುಂದೆ ಬರುತ್ತೇನೆ ಎಂದು ಹಟ ಹಿಡಿಯುತ್ತಿದ್ದ. ಅದಕ್ಕೇ ಅವಳು ಹೇಳಿರಲಿಲ್ಲ.

ಅವನು ಗುಡಾರ ಮುಟ್ಟುವಾಗ ಬಿಸಿಲು ಇಳಿದಿತ್ತು. ಹೆಂಡತಿ ಇರಲಿಲ್ಲ. ಅವಳ ಸೈಕಲ್ ಇತ್ತು.

ಉಸಿರು ಸಿಕ್ಕಿಕೊಂಡಿತು, ದಾರಿಯಲ್ಲಿ ಬಂದ ಲಾರಿಯೊಂದರಲ್ಲಿ ಕೆಳಗಿನ ಊರಿನ ಆಸ್ಪತ್ರೆಗೆ ಕಳುಹಿಸಿದೆ ಎಂದಳು ಮುದುಕಿ. “ಬೇಗ ಹೋಗೆಂದರೆ ಒಪ್ಪಲೇ ಇಲ್ಲ. ಅವರು ಇಲ್ಲೇ ಎಲ್ಲೋ ಇದ್ದಾರೆ, ಬರಲಿ ಎಂದು ಬೆಳಗಿನಿಂದ ಕಾಯುತ್ತಲೇ ಇದ್ದಳು. ಹೋಗಿದ್ದರೆ ಅವರ ಸೈಕಲ್ ಕೂಗುತ್ತಿತ್ತು, ನನಗೆ ಕೇಳುತ್ತಿತ್ತು ಅಂದಳು. ದಾರಿಯುದ್ದಕ್ಕೂ ಆ ಸದ್ದು ಕೇಳಿಕೊಂಡೇ ಬಂದೆ, ಅದಿದ್ದರೆ ಅವರು ಹಿಂದೆ ಇದ್ದಾರೆ ಎಂದು ಗೊತ್ತಾಗುತ್ತಿತ್ತು ಅಂದಳು.”

ದರ್ಜಿ ತನ್ನ ಚೈನನ್ನು ನೋಡಿದ. ಅದು ಎಣ್ಣೆಯಲ್ಲಿ ಮಿನುಗುತ್ತಿತ್ತು. ಅಂಗಿಯ ತುದಿಯಿಂದ ಆ ಎಣ್ಣೆಯನ್ನು ಒರೆಸಿದ. ಒರೆಸುತ್ತ ಒರೆಸುತ್ತ ಅಲ್ಲೇ ಕೂತು ಅತ್ತ.

ಆಸ್ಪತ್ರೆಯಲ್ಲಿ ಅವಳು ಬದುಕಿಕೊಂಡಳು. ಆದರೆ ಇನ್ನು ಮೇಲೆ ಅಂಥ ಎತ್ತರಕ್ಕೆ ಹತ್ತಕೂಡದು, ಹತ್ತಿದರೆ ಇಳಿಯುವುದಿಲ್ಲ ಎಂದು ವೈದ್ಯರು ಹೇಳಿದರು. ಅವಳು ಅದನ್ನು ಕೇಳಿಕೊಂಡು ಕಿಟಕಿಯ ಕಡೆ ನೋಡಿದಳು. ಆಮೇಲೆ ಗಂಡನನ್ನು ಕೇಳಿದಳು. “ಸರೋವರ ಹೆಂಗಿತ್ರಿ?”

“ನೋಡ್ಲಿಲ್ಲ. ಎದುರು ಗಾಳಿ ಭಾಳ ಇತ್ತು. ಅರ್ಧಕ್ಕ ಹೊಳ್ಳಿ ಬಂದೆ,” ಎಂದ ದರ್ಜಿ.

ಸುಳ್ಳು ಹೇಳಬೇಡವೆಂದು ನಿನಗೆ ಕಲಿಸಿದ್ದೇನೆ, ಸಂಗಯ್ಯ. ದರ್ಜಿಗೆ ನಾನು ಗುರುವಾಗಿರಲಿಲ್ಲ. ಆದರೂ ಹೇಳುವವನು ಗಾಳಿಯ ದಿಕ್ಕು ನೋಡಿಕೊಂಡು ಹೇಳಬೇಕಿತ್ತು.

“ಆ ಗುಡಾರದಿಂದ ಮುಂದ ಗಾಳಿ ಬೆನ್ನಿಗೆ ಇರ್ತದಂತ್ರಿ. ಮುದುಕಿ ಹೇಳಿದ್ಲು,” ಎಂದಳು ಹೆಂಡತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅಲ್ಲಿಂದ ನಿಮ್ಮ ಮಗ್ಗಲಕ ಬರಬೇಕಂತ ಮಾಡಿದ್ದೆ. ಸರೋವರದ ತನಕಾ.”

ದರ್ಜಿ ಅವಳ ಮಂಚದ ಮಗ್ಗುಲಿಗೆ ಸರಿದು ಕೂತ.

ಅವರು ಊರಿಗೆ ಮರಳಿದರು. ಅವಳು ಸುಧಾರಿಸಿಕೊಂಡ ಮೇಲೆ ಸಂಜೆ ಹೊತ್ತು ಇಬ್ಬರೂ ಸೈಕಲ್ ಮೇಲೆ ಊರಾಚೆಯ ಬಯಲಿಗೆ ಹೋಗುತ್ತಿದ್ದರು. ಈಗ ದರ್ಜಿ ಮುಂದೆ. ಗಾಳಿ ಅವನ ಎದೆಗೆ. ಆದರೆ ಅವನಿಗೊಂದು ಹೊಸ ಸಂಕಟ ಶುರುವಾಯಿತು. ಅವಳ ಚೈನಿಗೆ ಎಣ್ಣೆ ಇತ್ತು, ಹಿಂದಿನಿಂದ ಸದ್ದಿರಲಿಲ್ಲ. ಇದ್ದಾಳೋ, ಹಿಂದೆ ಬಿದ್ದಳೋ, ಕೆಮ್ಮು ಬಂದು ನಿಂತಳೋ. ತಿರುಗಿ ನೋಡಿದರೆ ಹ್ಯಾಂಡಲ್ ವಾಲುತ್ತಿತ್ತು, ಮರೆ ತಪ್ಪಿ ಗಾಳಿ ಅವಳಿಗೆ ಬಡಿಯುತ್ತಿತ್ತು. ತಿರುಗದೆ ಇರಲು ಎಷ್ಟು ಬಿಗಿ ಹಿಡಿಯಬೇಕು ಎಂಬುದು ಅವನಿಗೆ ಆಗ ಗೊತ್ತಾಯಿತು. ಹಿಂದಿನವನಿಗೆ ಬೆನ್ನಾದರೂ ಕಾಣುತ್ತದೆ. ಮುಂದಿನವನಿಗೆ ಅದೂ ಇಲ್ಲ. ಅವನು ಇದನ್ನು ಹೆಂಡತಿಗೆ ಹೇಳಲಿಲ್ಲ. ಅವನೂ ಈಗ ಮಾತು ಕಡಿಮೆ ಮಾಡಿದ್ದ.

ಕೆಲವು ದಿನಗಳಾದ ಮೇಲೆ, ಒಂದು ಸಂಜೆ, ಬೆನ್ನ ಹಿಂದೆ ಕೀಚ್ ಎಂದಿತು. ತುಳಿದಂತೆ ಮತ್ತೆ ಕೀಚ್. ಅವಳು ತನ್ನ ಚೈನಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದ್ದಳು. ದರ್ಜಿ ತಿರುಗಿ ನೋಡಲಿಲ್ಲ. ಕಣ್ಣು ದಾರಿಯ ಮೇಲಿಟ್ಟು, ಕಿವಿಯನ್ನು ಹಿಂದಕ್ಕೆ ಬಿಟ್ಟು, ತುಳಿಯುತ್ತ ಹೋದ.

ಇಲ್ಲಿಗೆ ಗುರು ಕತೆ ನಿಲ್ಲಿಸಿದರು. ಹೆಗಲ ಜೋಳಿಗೆಯನ್ನು ಸರಿಪಡಿಸಿಕೊಂಡರು. “ಇದನ್ನು ಹೊಲಿದವನು ಅವನೇ. ಹೊಲಿಯುತ್ತ ಹೇಳಿದ,” ಎಂದರು.

ತಂಬಿಗೆ ಸಂಗಯ್ಯನ ಕಾಲ ಬಳಿ ಇತ್ತು.

“ನೀನು ಅಪ್ಪಣೆ ಕೇಳಿದ್ದೆ. ಕೊಟ್ಟಿದ್ದೇನೆ,” ಎಂದು ಗುರು ಎದ್ದರು. ನಾಲ್ಕು ಹೆಜ್ಜೆ ನಡೆದು ನಿಂತರು. ತಿರುಗದೆಯೇ ಕೇಳಿದರು.

“ನೀನು ಈ ಬಂಡೆಯ ಮೇಲೆ ಕೂತದ್ದು, ಮುಂದೆ ಹೋಗುತ್ತಿದ್ದ ನನಗೆ ಹೇಗೆ ತಿಳಿಯಿತು, ಸಂಗಯ್ಯ?”