ದಿಬ್ಬದಾಚೆ ಹರಿದ ನೀರು

ಮಕ್ಕಳೇ, ಕಾಡಿನ ನಡುವೆ ಒಂದು ದೊಡ್ಡ ಕೊಳವಿತ್ತು. ಉತ್ತರ ದಡದಲ್ಲಿ ಕೋರಪ್ಪನೆಂಬ ಮುಳ್ಳುಹಂದಿ, ದಕ್ಷಿಣ ದಡದಲ್ಲಿ ಚೆನ್ನವ್ವನೆಂಬ ಮೊಲ ವಾಸವಾಗಿದ್ದರು.

ಕೋರಪ್ಪನ ನೆಲ ಬರಡು. ಚೆನ್ನವ್ವ ಅವನಿಗೆ ಬಿತ್ತನೆಗೆಂದು ಗೆಣಸು ಕೊಟ್ಟಳು. ಅವಳ ಕಡೆಯ ಕಾಡುಹಂದಿಗಳು ಬಂದು ನೆಲ ಅಗೆದುಕೊಟ್ಟವು. ಕೋರಪ್ಪನೂ ಸುಮ್ಮನೆ ಕೂರಲಿಲ್ಲ. ಕೊಳಕ್ಕೂ ತನ್ನ ನೆಲಕ್ಕೂ ನಡುವಿದ್ದ ದಿಬ್ಬದ ಅಡಿಯಲ್ಲಿ ಸುರಂಗ ತೋಡಿ, ಕೊಳದ ನೀರನ್ನು ಆಚೆಯ ತಗ್ಗಿಗೆ ಹರಿಸಿದ. ಅಂಥದ್ದನ್ನು ಆ ಕಾಡಿನಲ್ಲಿ ಯಾರೂ ಕಂಡಿರಲಿಲ್ಲ! ಮೂರೇ ಮಳೆಗಾಲದಲ್ಲಿ ಅವನ ದಡ ಹಸಿರಾಯಿತು.

ಒಂದು ಬೇಸಿಗೆಯಲ್ಲಿ ದಕ್ಷಿಣ ದಡದ ನೆಲ ಒಣಗಿತು; ಅಲ್ಲೂ ಕೊಳದ ನೀರಿಗೆ ದಿಬ್ಬ ಅಡ್ಡವಿತ್ತು. ಚೆನ್ನವ್ವ ಬಂದಳು.

"ಕೋರಪ್ಪಣ್ಣ, ಸುರಂಗ ತೋಡುವುದನ್ನು ನಮಗೂ ಕಲಿಸಿಕೊಡು."

"ನಾನು ಯಾರ ಸಹಾಯವೂ ಇಲ್ಲದೆ ಬೆಳೆದೆ. ನೀವೂ ಹಾಗೇ ಬೆಳೆಯಿರಿ" ಎಂದ ಕೋರಪ್ಪ, ಸುರಂಗದ ಬಾಯಿಗೆ ಮುಳ್ಳುಬೇಲಿ ಹಾಕಿದ.

ಚೆನ್ನವ್ವ ಹಿಂತಿರುಗಿದಳು. ಅವಳೂ ಕಾಡುಹಂದಿಗಳೂ ಸೇರಿ ತಾವೇ ತೋಡಿದರು. ಮೊದಲ ಸುರಂಗ ಕುಸಿಯಿತು. ಎರಡನೆಯದಕ್ಕೆ ಬಂಡೆ ಅಡ್ಡ ಬಂತು. ಮೂರನೆಯದರಲ್ಲಿ ನೀರು ಹರಿಯಿತು. ಗೆಣಸು, ಕೆಸು, ಸುವರ್ಣಗೆಡ್ಡೆ ಎಲ್ಲ ಬೆಳೆದವು.

ಅದೇ ವರ್ಷ ಕೋರಪ್ಪನ ಗೆಣಸಿಗೆ ಕೊಳೆರೋಗ ಬಂತು. ಬೇರೆ ಬೆಳೆಯೇ ಇರಲಿಲ್ಲ. ಅಗೆದಲ್ಲೆಲ್ಲ ಕಪ್ಪು ಲೋಳೆ. ಅವನ ಮರಿಗಳು ಹಸಿವಿನಿಂದ ಏಳಲಾರದೆ ಬಿದ್ದುಕೊಂಡವು.

ಸುದ್ದಿ ಕೇಳಿದ ಚೆನ್ನವ್ವ ಕಾಡುಹಂದಿಗಳ ಬೆನ್ನಿಗೆ ಗೆಡ್ಡೆ ಹೇರಿಸಿಕೊಂಡು ಬಂದಳು.

ಕೋರಪ್ಪ ತಲೆ ಎತ್ತಲಿಲ್ಲ. "ಚೆನ್ನವ್ವ, ನಿನಗೆ ನಾನು ಏನೂ ಕಲಿಸಲಿಲ್ಲವಲ್ಲ..."

"ಮೊದಲು ಮರಿಗಳಿಗೆ ತಿನ್ನಿಸಣ್ಣ" ಎಂದಳು ಅವಳು. "ದಿಬ್ಬದಾಚೆಗೂ ನೀರು ಹರಿಯುತ್ತದೆ ಅಂತ ನಮಗೆ ಗೊತ್ತಾದದ್ದೇ ನಿನ್ನನ್ನು ನೋಡಿ. ಅಷ್ಟು ಉಪಕಾರ ನಿನ್ನದೂ ಇದೆ."

ಕೋರಪ್ಪನ ಕಣ್ಣು ತುಂಬಿತು. "ನನ್ನ ಮೊದಲ ಗೆಣಸು ನೀನು ಕೊಟ್ಟದ್ದು. ಈ ನೆಲ ಅಗೆದವರು ಇವರು. ಹೊಟ್ಟೆ ತುಂಬಿದ ಮೇಲೆ ಎಲ್ಲ ಮರೆತೆ. ನಿಮ್ಮಿಂದ ಬದುಕಿದೆನಮ್ಮ" ಎಂದು ಕೈಮುಗಿದ.

ಮರಿಗಳು ಚೇತರಿಸಿಕೊಂಡವು. ಹಳ್ಳದಾಚೆಯ ಒಣ ನೆಲದಲ್ಲಿ ಕರಿಮುಖದ ಮುಸುವ ಕೋತಿಗಳು ಮರದ ತೊಗಟೆ ತಿಂದು ಬದುಕುತ್ತಿವೆಯೆಂದು ತಿಳಿದಾಗ, ಕೋರಪ್ಪ ಯಾರೂ ಕರೆಯುವ ಮುಂಚೆಯೇ ಹೊರಟ. ಚೆನ್ನವ್ವನೂ ಜೊತೆಗೆ ನಡೆದಳು. ಎಲ್ಲಿ ತೋಡಬೇಕೆಂದು ಅವನು ತೋರಿಸಿದ, ಎಲ್ಲಿ ಕುಸಿಯುತ್ತದೆಂದು ಅವಳು ಹೇಳಿಕೊಟ್ಟಳು. ಹತ್ತನೆಯ ದಿನ ಆ ಒಣ ನೆಲಕ್ಕೆ ಹಳ್ಳದ ನೀರು ನುಗ್ಗಿದಾಗ ಮುಸುವದ ಮರಿಗಳು ಕೆಸರಿನಲ್ಲಿ ಕುಣಿದಾಡಿದವು.

ನೀತಿ: ನಾವು ಬೆಳೆದದ್ದು ಹಲವರ ನೆರವಿನಿಂದ, ಅದನ್ನು ನೆನೆದು ನೆರೆಯವರನ್ನೂ ಬೆಳೆಸಿದರೆ ಎಲ್ಲರೂ ಬಾಳುತ್ತಾರೆ.